ಸ್ಟಾಫ್ ರೂಮಿನ ಸಾಸಿವೆ ಡಬ್ಬಿ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ಕಬ್ಬಿಣದ ಬೀರು ಇದೆ. ಮೇಲಿನ ಎರಡು ಅರೆಗಳಲ್ಲಿ ಹಳೇ ಬ್ಲೂ ಬುಕ್ಕುಗಳು, ಇಂಟರ್ನಲ್ ಮಾರ್ಕ್ಸ್ ಲಿಸ್ಟುಗಳು. ಕೆಳಗಿನ ಅರೆಯಲ್ಲಿ, ಚಾಕ್‌ಪೀಸ್ ಪೆಟ್ಟಿಗೆಗಳ ಹಿಂದೆ, ಒಂದು ಸ್ಟೀಲ್ ಡಬ್ಬಿ. ಯಾರದೋ ಗೃಹಪ್ರವೇಶಕ್ಕೆ ಹೋದಾಗ ಕೊಟ್ಟಿದ್ದು, ಮುಚ್ಚಳದ ಮೇಲೆ ಹೆಸರು, ತಾರೀಖು ಕೆತ್ತಿದೆ. ನಾವದನ್ನು ಸಾಸಿವೆ ಡಬ್ಬಿ ಅನ್ನುತ್ತೇವೆ. ಒಳಗೆ ಸಾಸಿವೆ ಒಂದು ಕಾಳೂ ಇಲ್ಲ. ಇವತ್ತು ಬೆಳಿಗ್ಗೆ ಎಣಿಸಿದಾಗ 2,340 ರೂಪಾಯಿ ಇತ್ತು. ಜೊತೆಗೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಪುಟ್ಟ ನೋಟ್‌ಬುಕ್ಕು.

ಸಾಸಿವೆ ಡಬ್ಬಿ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅಮ್ಮಂದಿರು ಗಂಡನಿಗೂ ಗೊತ್ತಾಗದ ಹಾಗೆ ಐದು, ಹತ್ತು ಬಚ್ಚಿಡುವ ಜಾಗ. ಡೇರಿಗೆ ಹಾಲು ಹಾಕಿದ್ದು, ನಾಟಿ ಮೊಟ್ಟೆ ಮಾರಿದ್ದು ಎಲ್ಲ ಅಲ್ಲಿಗೆ ಸೇರುತ್ತಿತ್ತು. ಸ್ಕೂಲ್ ಟೂರಿಗೆ ಅಪ್ಪ ದುಡ್ಡಿಲ್ಲ ಅಂದಮೇಲೆ ಅಮ್ಮ ಸುಮ್ನೆ ಅಡುಗೆಮನೆಗೆ ಹೋಗಿ ಬರುತ್ತಿದ್ದಳು. ಆ ನೋಟು ಒಗ್ಗರಣೆ ವಾಸನೆ ಹೊಡೆಯುತ್ತಿತ್ತು.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಡೆಬಿಟ್, ಕ್ರೆಡಿಟ್, ಬ್ಯಾಲೆನ್ಸ್ ಶೀಟು ನನ್ನ ದಿನದ ಅನ್ನ. ಈ ಡಬ್ಬಿಯ ಲೆಕ್ಕವನ್ನು ಮಾತ್ರ ಯಾವ ಆಡಿಟರೂ ಒಪ್ಪಲಾರ.

ಡಬ್ಬಿ ಶುರುವಾಗಿದ್ದು ನನ್ನ ಬಾಯಿಂದಾದ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

2019ರ ಬೇಸಿಗೆ. ಪರೀಕ್ಷೆ ಫೀಸು ಕಟ್ಟಲು ಕೊನೇ ವಾರ. ಆಫೀಸಿನಿಂದ ಬಾಕಿ ಇರುವವರ ಲಿಸ್ಟು ಬಂತು, ನಾನು ಕ್ಲಾಸಿನಲ್ಲಿ ನಿಂತು ಜೋರಾಗಿ ಓದಿದೆ. ಎರಡನೇ ವರ್ಷದ ಒಬ್ಬ ಹುಡುಗಿ, ಕಿಟಕಿ ಪಕ್ಕ ಕೂರುವವಳು, ಎದ್ದು ನಿಂತಳು. ಅವಳ ಕೈಯಲ್ಲಿ ಒಂದು ಟಚ್ ಸ್ಕ್ರೀನ್ ಫೋನ್ ಇತ್ತು. "ಏನಮ್ಮಾ, ಮೊಬೈಲಿಗೆ ದುಡ್ಡಿರುತ್ತೆ, ಫೀಸಿಗೆ ಇರಲ್ವಾ?" ಅಂದೆ. ಕ್ಲಾಸು ನಕ್ಕಿತು. ಅವಳೂ ನಕ್ಕಳು. ಅದೇ ಕೊನೆ, ಮತ್ತೆ ಬರಲಿಲ್ಲ.

ಆ ಫೋನು ಅವಳದಲ್ಲ, ರಿಪೇರಿಗೆ ಕೊಡಲು ತಂದಿದ್ದ ಅಣ್ಣನ ಫೋನು ಅಂತ ನಮ್ಮ ಅಟೆಂಡರ್ ಅಕ್ಕ ಆಮೇಲೆ ಹೇಳಿದರು. ಕಟ್ಟಬೇಕಾಗಿದ್ದ ಫೀಸು 1,130 ರೂಪಾಯಿ. ಅವತ್ತು ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಅದಕ್ಕಿಂತ ಜಾಸ್ತಿ ಇತ್ತು. ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಅವಳು ಗಾರ್ಮೆಂಟ್ಸ್ ಸೇರಿಯಾಗಿತ್ತು. ಎರಡು ವರ್ಷದ ನಂತರ ಒಂದು ದಿನ ಬೆಳಿಗ್ಗೆ ಹೈವೇ ಪಕ್ಕ ಗಾರ್ಮೆಂಟ್ಸ್ ಗಾಡಿಗೆ ಕಾಯುತ್ತ ನಿಂತವಳು ನನ್ನನ್ನು ನೋಡಿ, "ಚೆನ್ನಾಗಿದ್ದೀರಾ ಮೇಡಂ?" ಅಂತ ಕೇಳಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅದೇ 2019ರ ಜನವರಿ 21ಕ್ಕೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತೀರಿಕೊಂಡಿದ್ದರು. 111 ವರ್ಷ. ನಮ್ಮಪ್ಪ ಮಠದಲ್ಲಿದ್ದು ಓದಿದವರು, 60ರ ದಶಕದಲ್ಲಿ. ಟಿವಿ ಮುಂದೆ ಕೂತು ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಬೇಸಿಗೆ ರಜೆಯಲ್ಲಿ ನಾನು ಈ ಹುಡುಗಿಯ ವಿಷಯ ಹೇಳಿದಾಗ ಅವರು ಒಂದು ಮಾತು ಹೇಳಿದರು. "ಮಠದಲ್ಲಿ ಏನು ಚೆಂದ ಇತ್ತು ಗೊತ್ತಾ? ಮುದ್ದೆ ಬೇಕು ಅಂತ ಕೇಳ್ಬೇಕಾಗಿರ್ಲಿಲ್ಲ. ಸಾಲಲ್ಲಿ ಕೂತ್ರೆ ಆಯ್ತು, ತಟ್ಟೆಗೆ ಬೀಳ್ತಿತ್ತು. ಯಾರ ಮಗ, ಯಾಕ್ ಬಂದೆ, ಎಷ್ಟು ಜಮೀನೈತೆ, ಊಹೂಂ, ಒಂದೂ ಇಲ್ಲ."

ಕೇಳಬೇಕಾಗಿರಲಿಲ್ಲ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹದಿನೆಂಟು, ಹತ್ತೊಂಬತ್ತು ವಯಸ್ಸಿನ ಮಕ್ಕಳಿಗೆ ಹಸಿವಿಗಿಂತ ಕಷ್ಟ, ಹಸಿವಾಗಿದೆ ಅಂತ ಇನ್ನೊಬ್ಬರಿಗೆ ಹೇಳುವುದು.

ಆಗಸ್ಟಿನಲ್ಲಿ ನಾವು ಒಂಬತ್ತು ಜನ ತಲಾ 200 ರೂಪಾಯಿ ಹಾಕಿ ಡಬ್ಬಿ ಶುರು ಮಾಡಿದೆವು. ಪ್ರತಿ ತಿಂಗಳು ಸಂಬಳದ ದಿನ 200. ಅತಿಥಿ ಉಪನ್ಯಾಸಕರ ಹತ್ತಿರ ಕೇಳಬಾರದು ಅಂತ ಮಾತಾಗಿತ್ತು. ಅವರ ಸಂಬಳವೇ ತಿಂಗಳುಗಟ್ಟಲೆ ಬರುವುದಿಲ್ಲ, ಅವರಿಗೇ ಒಂದು ಡಬ್ಬಿ ಬೇಕು. ಆದರೂ ಇತಿಹಾಸದ ಒಬ್ಬ ಗೆಸ್ಟ್ ಸರ್ ಯಾರಿಗೂ ಹೇಳದೆ 50 ಹಾಕಿ ಹೋಗುತ್ತಾರೆ. ಹೇಗೆ ಗೊತ್ತು ಅಂದರೆ, ಅವರ ನೋಟು ಯಾವಾಗಲೂ ನಾಲ್ಕು ಮಡಿಕೆ ಆಗಿರುತ್ತದೆ.

ಮೊದಲ ಮೂರು ತಿಂಗಳು ಒಬ್ಬರೂ ಬರಲಿಲ್ಲ. ನೋಟೀಸ್ ಬೋರ್ಡಿಗೆ ಹಾಕಿದೆವು, ಕ್ಲಾಸಿನಲ್ಲಿ ಹೇಳಿದೆವು. ಊಹೂಂ. ದುಡ್ಡು ಅಲ್ಲೇ ಕೂತಿತ್ತು. ಕೊನೆಗೆ ಅಟೆಂಡರ್ ಅಕ್ಕನೇ ಒಂದು ದಿನ ಟೀ ತಂದಿಡುತ್ತ ಹೇಳಿದರು: "ನಿಮ್ಮತ್ರ ಕೇಳಕ್ಕೆ ಮಕ್ಳು ಬತ್ತಾವಾ ಮೇಡಂ? ನಿಮ್ಮ ಕೈಲಿ ಮಾರ್ಕ್ಸ್ ಐತೆ. ನನ್ ಕೈಲೇನೈತೆ, ಬೆಲ್ ಹೊಡಿಯೋ ಸುತ್ತಿಗೆ."

ಅವತ್ತೇ ಬೀರುವಿನ ಬೀಗದ ಕೈ ಅವರಿಗೆ ಹೋಯಿತು. ಈಗ ಮಕ್ಕಳು ಅವರ ಹತ್ತಿರ ಹೋಗುತ್ತಾರೆ. ಅವರು ನೋಟ್‌ಬುಕ್ಕಿನಲ್ಲಿ ತಾರೀಖು, ಎಷ್ಟು, ಯಾತಕ್ಕೆ ಅಂತ ಒಂದೇ ಪದದಲ್ಲಿ ಬರೆಯುತ್ತಾರೆ. ಹೆಸರು ಬರೆಯುವುದಿಲ್ಲ. ಯಾರು ತಗೊಂಡರು ಅನ್ನೋದು ಅವರ ತಲೆಯಲ್ಲಿ ಮಾತ್ರ ಇದೆ. ವಾಪಸ್ ಕೊಟ್ಟರೆ ಎದುರಿಗೊಂದು ರೈಟ್ ಮಾರ್ಕು. ಬಡ್ಡಿ ಇಲ್ಲ, ಗಡುವು ಇಲ್ಲ. ನಾನು ಲೆಕ್ಕದ ಮೇಷ್ಟ್ರು, ಒಮ್ಮೆ ಕೂತು ನೋಡಿದೆ. ಮುಕ್ಕಾಲು ಪಾಲು ಎಂಟ್ರಿಗಳಿಗೆ ರೈಟ್ ಬಿದ್ದಿದೆ. ನಮ್ಮ ಸಹೋದ್ಯೋಗಿಯೊಬ್ಬರು ಇನ್ನೂ ವಾದ ಮಾಡುತ್ತಾರೆ, ಹೀಗೆ ಕೊಟ್ಟರೆ ಮಕ್ಕಳಿಗೆ ದುಡ್ಡಿನ ಬೆಲೆ ಗೊತ್ತಾಗಲ್ಲ ಅಂತ. ಕಡ್ಲೆಕಾಯಿ ಬಿಡಿಸಿ ಕೂಲಿ ಎಣಿಸಿಕೊಂಡ ಮಕ್ಕಳಿಗೆ ನಾವು ದುಡ್ಡಿನ ಬೆಲೆ ಹೇಳಿಕೊಡಬೇಕಾ? ಅವರೂ ಪ್ರತಿ ತಿಂಗಳು 200 ಹಾಕುತ್ತಾರೆ, ಅದು ಬೇರೆ ಮಾತು.

ಆ ನೋಟ್‌ಬುಕ್ಕನ್ನು ತಿರುವಿ ಹಾಕಿದರೆ ನಮ್ಮ ತಾಲ್ಲೂಕಿನ ಐದಾರು ವರ್ಷದ ಕಥೆ ಸಿಗುತ್ತದೆ. 2019ರಲ್ಲಿ "ಫೀಸು", "ಬಸ್ಸು", "ಬಸ್ಸು", "ಕನ್ನಡಕ". 2020ರ ಕೊನೆಯಿಂದ ಒಂದೇ ಪದ: "ರೀಚಾರ್ಜು". ಆನ್‌ಲೈನ್ ಕ್ಲಾಸಿನ ಕಾಲ. ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುತ್ತಿದ್ದ ಮಕ್ಕಳು. ಆಮೇಲೆ 2023ರ ಜೂನ್. ಆ ತಿಂಗಳ 11ಕ್ಕೆ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ನೋಟ್‌ಬುಕ್ಕಿನಲ್ಲಿ "ಬಸ್ಸು" ಅನ್ನುವ ಪದ ಅಲ್ಲಿಂದ ಮುಂದೆ ಹತ್ತರಲ್ಲಿ ಒಂದು ಕೂಡ ಇಲ್ಲ. ಇರೋದೆಲ್ಲ ಹುಡುಗರದು, ಪಾಸು ಕೈಗೆ ಬರುವ ಮುಂಚಿನದು. ಆ ಯೋಜನೆ ಬಗ್ಗೆ ಟಿವಿಯಲ್ಲಿ ಯಾರು ಏನೇ ಅನ್ನಲಿ, ನನ್ನ ಹತ್ತಿರ ಇರುವ ಸಾಕ್ಷಿ ಇದು.

ಹುಡುಗರ ವಿಷಯ ಬಂದಿದ್ದಕ್ಕೆ ಒಂದು ಹೇಳಬೇಕು. ಒಬ್ಬ ಹುಡುಗ, ಬುದ್ಧಿವಂತ. ವಾರಗಟ್ಟಲೆ ಸರಿಯಾಗಿ ಬರುತ್ತಿದ್ದ, ಇದ್ದಕ್ಕಿದ್ದ ಹಾಗೆ ಎರಡು ದಿನ ಇಲ್ಲ. ಮತ್ತೆ ಬರುತ್ತಿದ್ದ, ಮತ್ತೆ ಇಲ್ಲ. ಬಂದ ದಿನ ಕಣ್ಣು ಕೆಂಪು. ಕುಡಿಯುತ್ತಾನೇನೋ ಅಂದುಕೊಂಡೆ. ಒಂದು ದಿನ ಹಾಜರಿ ಪುಸ್ತಕ ಬಿಚ್ಚಿ ಕೂತಿದ್ದೆ, ಎದುರಿಗೆ ಗೋಡೆ ಮೇಲೆ ಕ್ಯಾಲೆಂಡರ್. ಸುಮ್ನೆ ಕಣ್ಣಾಡಿಸಿದೆ. ಅವನು ಗೈರಾದ ದಿನಗಳೆಲ್ಲ ಮದುವೆ ಮುಹೂರ್ತದ ದಿನಗಳು!

ಛತ್ರದಲ್ಲಿ ಬಡಿಸುವ ಕೆಲಸ. ರಾತ್ರಿ ರಿಸೆಪ್ಷನ್, ಬೆಳಗಿನ ಜಾವ ತಿಂಡಿ, ಮಧ್ಯಾಹ್ನ ಮುಹೂರ್ತದ ಊಟ. ಒಂದು ಮದುವೆಗೆ 700 ರೂಪಾಯಿ, ಜೊತೆಗೆ ಮಿಕ್ಕಿದ್ದರೆ ಮನೆಗೆ ಒಂದಿಷ್ಟು ಪಲ್ಯ, ಪಾಯಸ. ಅದರಲ್ಲೇ ತಂಗಿಯ ಪಿಯುಸಿ ನಡೆಯುತ್ತಿತ್ತು. ಕರೆದು ಕೇಳಿದಾಗ, "ಆಷಾಢದಲ್ಲಿ ಒಂದಿನಾನೂ ತಪ್ಪಿಸಲ್ಲ ಮೇಡಂ" ಅಂದ. ನಗಬೇಕೋ ಅಳಬೇಕೋ. ಬಿಡು ಅಂತ ಹೇಳುವ ಹಕ್ಕು ನನಗಿರಲಿಲ್ಲ. ಒಂದು ಕೆಲಸ ಮಾಡಿದೆ. ಈಗ ಟೆಸ್ಟ್ ದಿನ ಇಡುವ ಮುಂಚೆ ನಾನೂ ಪಂಚಾಂಗ ನೋಡುತ್ತೇನೆ. ಪ್ರಿನ್ಸಿಪಾಲರು ಒಮ್ಮೆ, "ಏನ್ ಮೇಡಂ, ಮಗಳಿಗೆ ಗಂಡು ನೋಡ್ತಿದ್ದೀರಾ?" ಅಂತ ಕೇಳಿದರು.

ಇನ್ನು ಸರ್ಕಾರದ ಸ್ಕಾಲರ್‌ಶಿಪ್ಪಿನ ಕಥೆ. ಯೋಜನೆ ಇಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಪೋಸ್ಟ್ ಮೆಟ್ರಿಕ್ ಇದೆ, ಮನೆಯ ವರ್ಷದ ಆದಾಯ 2.5 ಲಕ್ಷದ ಒಳಗಿದ್ದರೆ ಕೇಂದ್ರದ್ದು ಸಿಗುತ್ತದೆ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಇದೆ, ಹಾಸ್ಟೆಲ್ ಸೀಟು ಸಿಗದವರಿಗೆ ವಿದ್ಯಾಸಿರಿ ಇದೆ. ಅದು ಶುರುವಾದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದರು. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಡಿಗ್ರಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು ವರ್ಷಕ್ಕೆ 30,000. ಇದನ್ನು ಮೊದಲ ವರ್ಷದಲ್ಲೇ ಹಾಕಬೇಕು. ಹಾಗಾಗಿ ಹೊಸದಾಗಿ ಸೇರಿದ ಹುಡುಗಿಯರನ್ನು ನಾನು ಅಡ್ಮಿಷನ್ ಕೌಂಟರಿನಲ್ಲೇ ಹಿಡಿದು ನಿಲ್ಲಿಸಿಕೊಳ್ಳುತ್ತೇನೆ.

ಕಷ್ಟ ಇರುವುದು ದುಡ್ಡಿಗೂ ಮಗುವಿಗೂ ನಡುವಿನ ದಾರಿಯಲ್ಲಿ. ಒಬ್ಬ ವಿದ್ಯಾರ್ಥಿಯ ತಲೆ ಮೇಲೆ ಎಷ್ಟು ನಂಬರ್ ಇದೆ ಅಂತ ಎಣಿಸಿ ನೋಡಿ. ಆಧಾರ್ ನಂಬರ್. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲಿನ ಎಸ್‌ಎಸ್‌ಪಿ ಐಡಿ. ಯೂನಿವರ್ಸಿಟಿ ಅಡ್ಮಿಷನ್, ಪರೀಕ್ಷೆಯ ಪೋರ್ಟಲಿನ ಯುಯುಸಿಎಂಎಸ್ ನಂಬರ್. ನಾಡಕಚೇರಿಯಲ್ಲಿ ಮಾಡಿಸಿದ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್. ರೈತರ ಮಕ್ಕಳಾದರೆ ಅಪ್ಪನ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ನಂಬರ್. ಇದರಲ್ಲಿ ಒಂದು ಕೊಂಡಿ ಕಳಚಿದರೆ ಮುಗಿಯಿತು. ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಇಂಗ್ಲಿಷಿನ ಒಂದು 'ಎ' ಇದೆ, ಆಧಾರಿನಲ್ಲಿ ಇಲ್ಲ. ಒಂದು ಅಕ್ಷರಕ್ಕೆ ಮೂರು ಸಲ ಊರಿಂದ ಬಂದು ಹೋಗಬೇಕು, ಮೂರು ದಿನದ ಪಾಠ ಹೋಗಬೇಕು. ಇನ್ನು ಎಷ್ಟೋ ಮನೆಯಲ್ಲಿ ಪಹಣಿ ಇವತ್ತಿಗೂ ತಾತನ ಹೆಸರಲ್ಲೇ ಇದೆ. ತಾತ ಹೋಗಿ ಹದಿನೈದು ವರ್ಷ ಆಗಿರುತ್ತದೆ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಚಿಕ್ಕಪ್ಪ ಸಹಿ ಹಾಕಲ್ಲ. ದಿನಾ ಹೊಲದಲ್ಲಿ ಬಗ್ಗುವ ಅಪ್ಪ, ಕಾಗದದ ಮೇಲೆ ರೈತನೇ ಅಲ್ಲ.

ಹೋದ ವರ್ಷ ಎರಡನೇ ಬಿ.ಕಾಂ.ನ ಹುಡುಗಿಯೊಬ್ಬಳು ಬಂದಳು. "ಎಲ್ಲರಿಗೂ ರೈತ ವಿದ್ಯಾನಿಧಿ ಬಂದಿದೆ ಮೇಡಂ, ನಂಗೆ ಮಾತ್ರ ಇಲ್ಲ." ಪಾಸ್‌ಬುಕ್ ತೋರಿಸಿದಳು. ನಿಜ, ಬಂದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ನನ್ನ ಫೋನಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ತೆರೆದೆ, ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಆಧಾರ್ ನಂಬರ್ ಹಾಕಿದೆವು. ಓಟಿಪಿ ಹೋಗಿದ್ದು ಅವಳಪ್ಪನ ಫೋನಿಗೆ. ಅಪ್ಪ ಹೊಲದಲ್ಲಿ.

"ಅಪ್ಪಾ, ಒಂದು ಮೆಸೇಜ್ ಬಂದಿರುತ್ತೆ, ಅದ್ರಲ್ಲಿರೋ ನಂಬರ್ ಹೇಳು."

"ಹೇಳಲ್ಲ."

"ಅಪ್ಪಾ, ನಾನೇ."

"ನೀನೇ ಅಂತ ಹೆಂಗ್ ನಂಬ್ಲಿ? ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ದಿನಾ ಹೇಳ್ತಾರೆ. ಮೊನ್ನೆ ಮೂಲೆಮನೆಯವನಿಗೆ ಹಿಂಗೇ ಹೋಯ್ತು ಇಪ್ಪತ್ತು ಸಾವಿರ."

ಅಪ್ಪನ ತಪ್ಪೇನೂ ಇಲ್ಲ. ಓಟಿಪಿ ಟೈಮ್ ಮುಗಿಯಿತು. ಎರಡನೇ ಸಲ ನಾನು ಮಾತಾಡಿದೆ, ನಂಬಲಿಲ್ಲ. ಮೂರನೇ ಸಲ ಹುಡುಗಿ, "ನಮ್ಮ ಕರಿಯ ಹಸು ಕರ ಹಾಕಿದ್ದು ಶಿವರಾತ್ರಿ ದಿನ, ಸಾಕಾ?" ಅಂದಳು. ಆಮೇಲೆ ಅಪ್ಪ ಒಂದೊಂದೇ ಅಂಕಿ ಹೇಳಿದರು.

ದುಡ್ಡು ಬಂದಿತ್ತು. 5,500, ಏಳು ತಿಂಗಳ ಹಿಂದೆಯೇ. ಆದರೆ ಅವಳು ಕೇಳೇ ಇರದ ಒಂದು ಖಾತೆಗೆ. ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ದುಡ್ಡು ಅಲ್ಲಿಗೆ ಹೋಗುತ್ತದೆ. ಮಗು ಅರ್ಜಿಯ ಜೊತೆ ಯಾವ ಪಾಸ್‌ಬುಕ್ ಕೊಟ್ಟರೂ ಅಷ್ಟೇ. ಪಿಯುಸಿಯಲ್ಲಿದ್ದಾಗ ಸಿಮ್ ತಗೊಳ್ಳಲು ಅಂಗಡಿಯಲ್ಲಿ ಎರಡು ಸಲ ಬೆರಳಿಟ್ಟಿದ್ದಳಂತೆ. ಒಂದು ಬೆರಳು ಸಿಮ್ಮಿಗೆ, ಇನ್ನೊಂದು ಬೆರಳಿಗೆ ಅವಳ ಹೆಸರಲ್ಲಿ ಒಂದು ಖಾತೆ ತೆರೆದುಕೊಂಡಿತ್ತು. ಅದನ್ನು ಬಿಡಿಸಿಕೊಂಡು ಬರಲು ಎರಡು ವಾರ ಹಿಡಿಯಿತು. ದುಡ್ಡು ಕೈಗೆ ಬಂದ ದಿನ ಅವಳು ನೇರ ಅಟೆಂಡರ್ ಅಕ್ಕನ ಹತ್ತಿರ ಹೋದಳು. ಆಗ ಗೊತ್ತಾಯಿತು, ಈ ಏಳು ತಿಂಗಳಲ್ಲಿ ಅವಳು ಡಬ್ಬಿಯಿಂದ ನಾಲ್ಕು ಸಲ ತಗೊಂಡಿದ್ದಳು ಅಂತ. ನೋಟ್‌ಬುಕ್ಕಿನಲ್ಲಿ ಒಂದೇ ದಿನ ನಾಲ್ಕು ರೈಟ್ ಮಾರ್ಕು.

ಆವತ್ತಿಂದ ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆ ಈ ಕೆಲಸಕ್ಕೇ ಇಟ್ಟಿದ್ದೇನೆ. ಮೂರನೇ ವರ್ಷದ ನಾಲ್ಕು ಮಕ್ಕಳು ಜೊತೆಗೆ ಕೂರುತ್ತಾರೆ, ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಸೈಬರ್ ಸೆಂಟರಿಗೆ ಹೋದರೆ ಒಂದು ಅರ್ಜಿಗೆ ನೂರು, ನೂರೈವತ್ತು ಕೇಳುತ್ತಾರೆ. ಅಲ್ಲಿ ಯಾರದೋ ಫೋನ್ ನಂಬರ್ ಹಾಕಿ, ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆ ಚೀಟಿ ಮೊದಲ ಮಳೆಗೇ ಹೋಗುತ್ತದೆ. ಅದಕ್ಕೆ ನಾನು ಮೊದಲ ವಾರವೇ ಮಕ್ಕಳಿಗೆ ಹೇಳುವುದು ಎರಡೇ ಮಾತು. ಆಧಾರಿಗೆ ಇರುವ ಫೋನ್ ನಂಬರ್ ಯಾರ ಜೇಬಿನಲ್ಲಿದೆ ನೋಡಿಕೊಳ್ಳಿ. ಆಧಾರ್ ಯಾವ ಬ್ಯಾಂಕಿಗೆ ಸೀಡ್, ಅಂದರೆ ಜೋಡಣೆ, ಆಗಿದೆ ನೋಡಿಕೊಳ್ಳಿ. ಇದಿಷ್ಟು ಸರಿ ಇದ್ದರೆ ಅರ್ಧ ಜಗಳ ಮುಗಿದ ಹಾಗೆ.

ದುಡ್ಡು ಬಂದರೂ ಪರೀಕ್ಷೆ ಫೀಸಿನ ಹೊತ್ತಿಗೆ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಡಬ್ಬಿ ಇರುವುದು ಆ ಸಂದಿಗೆ. ಆರೇಳು ತಿಂಗಳ ಸಂದಿ, ಸಾವಿರ ರೂಪಾಯಿ ಆಸುಪಾಸಿನ ಮೊತ್ತ. ಮಕ್ಕಳು ಜಾರಿ ಬೀಳುವುದು ಅಲ್ಲೇ.

ಊಟದ ವಿಷಯ ಬಿಟ್ಟೇಬಿಟ್ಟೆ. ನಮ್ಮಲ್ಲಿ ಹನ್ನೊಂದೂವರೆ ಕ್ಲಾಸಿಗೆ ಹುಡುಗಿಯರು ತಲೆ ಸುತ್ತಿ ಬೀಳುವುದು ವರ್ಷಕ್ಕೆ ಐದಾರು ಸಲ ಆಗುತ್ತಿತ್ತು. ಊರಿಂದ ಆರೂಮುಕ್ಕಾಲಿಗೆ ಒಂದೇ ಬಸ್ಸು. ಅಷ್ಟು ಹೊತ್ತಿಗೆ ಒಲೆ ಹಚ್ಚಿರುವುದಿಲ್ಲ, ಇಲ್ಲಾ ಹಚ್ಚುವವಳು ಇವಳೇ. ಬಸ್ ಸ್ಟ್ಯಾಂಡ್ ಹತ್ತಿರ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10ಕ್ಕೆ ಊಟ ಸಿಗುತ್ತದೆ. ಹುಡುಗರು ಹೋಗುತ್ತಾರೆ. ಹುಡುಗಿಯರು ಅಲ್ಲಿ ಸಾಲಿನಲ್ಲಿ ನಿಲ್ಲಲು ಸಂಕೋಚಪಡುತ್ತಾರೆ. ನಾನು ಕೌನ್ಸೆಲಿಂಗ್ ತರಬೇತಿಗೆಲ್ಲ ಹೋಗಿ ಬಂದಿದ್ದೇನೆ, ಸರ್ಟಿಫಿಕೇಟ್ ಇದೆ. ಅಲ್ಲಿ ಕಲಿಸಿದ ಯಾವ ಪ್ರಶ್ನೆಯೂ "ತಿಂಡಿ ಆಯ್ತಾ?" ಅನ್ನುವಷ್ಟು ಕೆಲಸ ಮಾಡಿಲ್ಲ. "ಹ್ಞೂಂ ಮೇಡಂ" ಅಂತಾರೆ. "ಏನ್ ತಿಂಡಿ?" ಅಂತ ಕೇಳಬೇಕು. ಚಿತ್ರಾನ್ನ, ಉಪ್ಪಿಟ್ಟು ಅಂತ ತಕ್ಷಣ ಬಂದರೆ ಆಗಿದೆ. ಒಂದು ಕ್ಷಣ ಯೋಚನೆ ಮಾಡಿದರೆ ಆಗಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿ ಕಡಲೆ ಮಿಠಾಯಿ, ಒಂದು ಡಬ್ಬ ಖಾರ ಪುರಿ ಇರುತ್ತದೆ. "ಇದನ್ನ ಖಾಲಿ ಮಾಡಮ್ಮ, ಇರುವೆ ಹತ್ತುತ್ತೆ" ಅಂತ ಕೊಟ್ಟರೆ ತಿನ್ನುತ್ತಾರೆ. ಹಸಿದಿದ್ದೀಯಾ ತಿನ್ನು ಅಂದರೆ ಬೇಡ ಅನ್ನುತ್ತಾರೆ.

ಎಲ್ಲಾ ಕಷ್ಟಕ್ಕೂ ಕಡಲೆ ಮಿಠಾಯಿ ಸಾಕಾಗಲ್ಲ. ಒಂದು ರಾತ್ರಿ ಹತ್ತೂವರೆಗೆ ಗೊತ್ತಿಲ್ಲದ ನಂಬರಿನಿಂದ ನನಗೆ ವಾಟ್ಸಾಪ್ ಬಂತು. ನಮ್ಮ ಕಾಲೇಜಿನ ಹುಡುಗನೊಬ್ಬನ ಫೋಟೋ, ಕೆಳಗೆ ಹರಕು ಇಂಗ್ಲಿಷಿನಲ್ಲಿ "ಇವನು ಕಳ್ಳ, ಸಾಲ ತಗೊಂಡು ಓಡಿದ್ದಾನೆ" ಅಂತ. ಅವನು ಯಾವುದೋ ಲೋನ್ ಆ್ಯಪಿನಲ್ಲಿ 4,000 ಸಾಲ ಮಾಡಿದ್ದ. ಕೈಗೆ ಬಂದಿದ್ದು 2,600. ಏಳೇ ದಿನಕ್ಕೆ ಪೂರ್ತಿ ನಾಲ್ಕು ಸಾವಿರ ಕಟ್ಟಬೇಕು. ಆ್ಯಪ್ ಹಾಕಿಕೊಳ್ಳುವಾಗ ಫೋನಿನಲ್ಲಿರುವ ಎಲ್ಲ ನಂಬರ್ ನೋಡಲು ಒಪ್ಪಿಗೆ ಕೊಟ್ಟಿದ್ದ. ಅವನ ಫೋನಿನಲ್ಲಿ ನಾನು "ಕಾಮರ್ಸ್ ಮೇಡಂ". ಹಾಗಾಗಿ ನನಗೂ ಬಂತು. ಅವನ ಸೋದರಮಾವನಿಗೂ, ಗೊಬ್ಬರದಂಗಡಿಯವರಿಗೂ, ಹಳೇ ಹೈಸ್ಕೂಲ್ ಮೇಷ್ಟ್ರಿಗೂ ಹೋಗಿತ್ತು.

ತಕ್ಷಣ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. "ಊರಿಗೆ ಹೋಗೋಕೆ ಮುಖ ಇಲ್ಲ ಮೇಡಂ" ಅಂದ, ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ. ನಮ್ಮ ಮನೆಯವರು ಬೈಕ್ ತಗೊಂಡು ಹೋಗಿ ಕರೆದುಕೊಂಡು ಬಂದರು. ಅವತ್ತು ರಾತ್ರಿ ನಮ್ಮನೆ ಹಾಲಿನಲ್ಲೇ ಮಲಗಿದ. ಬೈಗುಳ, ಬುದ್ಧಿಮಾತು ಏನೂ ಇಲ್ಲ. ಅನ್ನ, ಬಸ್ಸಾರು ಬಡಿಸಿದೆ, ಅಷ್ಟೇ. ಬೆಳಿಗ್ಗೆ 1930ಕ್ಕೆ ಫೋನ್ ಮಾಡಿಸಿದೆವು, ಅದು ಸೈಬರ್ ವಂಚನೆಯ ದೂರಿನ ನಂಬರ್. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಬರೆದುಕೊಟ್ಟೆವು. ಬಂದ ಮೆಸೇಜುಗಳನ್ನೆಲ್ಲ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದು ಅಲ್ಲಿ ಕೆಲಸಕ್ಕೆ ಬಂತು.

ಆಮೇಲೂ ಅವನು ಸರಿ ಹೋಗಲಿಲ್ಲ. ಕ್ಲಾಸಿನಲ್ಲಿ ಕೂರುತ್ತಿದ್ದ, ಕಣ್ಣು ಎಲ್ಲೋ. ನಿದ್ದೆ ಬರಲ್ಲ ಅನ್ನುತ್ತಿದ್ದ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ ಅಂತ ಒಂದು ಸಹಾಯವಾಣಿ ಇದೆ, 14416. 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು, ನಮ್ಮ ನಿಮ್ಹಾನ್ಸ್ ಇದರ ಹಿಂದೆ ನಿಂತಿದೆ. ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅದಕ್ಕೆ ಮಾಡು ಅಂದೆ.

"ನಂಗೇನ್ ಹುಚ್ಚಾ ಮೇಡಂ?"

"ನಂಗೆ ಬೆನ್ನು ಹಿಡ್ಕೊಂಡ್ರೆ ಡಾಕ್ಟ್ರತ್ರ ಹೋಗ್ತೀನಿ. ಆಗ ನಂಗೆ ಏನ್ ಕುಂಟಾ?"

ಈ ಮಾತಿಗೆ ಅವನು ನಗಲೂ ಇಲ್ಲ, ಒಪ್ಪಲೂ ಇಲ್ಲ. ಎರಡು ದಿನ ಬಿಟ್ಟು ಅಟೆಂಡರ್ ಅಕ್ಕನ ಹತ್ತಿರ ಹೋಗಿ, ಖಾಲಿ ಕ್ಲಾಸ್‌ರೂಮಿನ ಬೀಗ ತೆಗೆಸಿಕೊಂಡು ಒಳಗೆ ಕೂತು ಫೋನ್ ಮಾಡಿದನಂತೆ. ಮುಕ್ಕಾಲು ಗಂಟೆ. ಅಕ್ಕ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಯಾರನ್ನೂ ಬಿಡದೆ ಕೂತಿದ್ದರು. ಅವತ್ತು ನಾಲ್ಕನೇ ಪೀರಿಯಡ್ಡಿನ ಬೆಲ್ಲು ಹತ್ತು ನಿಮಿಷ ತಡ ಆಯಿತು. ಯಾಕೆ ಅಂತ ಯಾರೂ ಕೇಳಲಿಲ್ಲ. ಆಮೇಲೆ ಕೆಲವು ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಹೋಗಿ ಬಂದ, ಮನೋವೈದ್ಯರು ಬರುವ ದಿನ ಅದು. ಈಗ ಹೇಗಿದ್ದಾನೆ ಅಂದರೆ, ಒಂದು ಸಬ್ಜೆಕ್ಟ್ ಬಾಕಿ ಇದೆ. ಫೋನಿನಲ್ಲಿ ಆ್ಯಪ್ ಇಲ್ಲ. ಕಂಡಾಗ ತಲೆ ಆಡಿಸುತ್ತಾನೆ.

ಎಲ್ಲರದೂ ಹೀಗೆ ದಡ ಸೇರಿಲ್ಲ. ಹೋದ ಜನವರಿಯಲ್ಲಿ ಒಬ್ಬಳು ಬರುವುದು ನಿಲ್ಲಿಸಿದಳು. ಸಂಘದ ಸಾಲದ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿಕೊಂಡು ಇಡೀ ಸಂಸಾರ ಊರು ಬಿಟ್ಟಿತ್ತು. ಫೋನ್ ಸ್ವಿಚ್ ಆಫ್. ಅವಳ ಬ್ಲೂ ಬುಕ್ಕು ಇನ್ನೂ ಅದೇ ಬೀರುವಿನ ಮೇಲಿನ ಅರೆಯಲ್ಲಿದೆ. 25ಕ್ಕೆ 22 ಮಾರ್ಕ್ಸು. ಡಬ್ಬಿಯಿಂದ ಅವಳು ಏನಾದರೂ ತಗೊಂಡಿದ್ದಳಾ ಅಂತ ಅಕ್ಕನನ್ನು ಕೇಳಿದೆ. "ಇಲ್ಲ ಮೇಡಂ. ಒಂದ್ಸಲ ಬಾಗಿಲ ತಂಕ ಬಂದು ಸುಮ್ನೆ ಹೋದ್ಲು" ಅಂದರು. ಆಮೇಲೆ ಅವರೇ, "ನಾನೇ ಕರೀಬೇಕಿತ್ತು" ಅಂದರು.

ನಾಳೆ ಪರೀಕ್ಷೆ ಫೀಸಿಗೆ ಕೊನೇ ದಿನ. ಇವತ್ತು ಸಂಜೆ ಬೀಗ ಹಾಕುವ ಮುಂಚೆ ಅಕ್ಕ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟರು. ಬಾಕಿ ಇರುವವರು ಹನ್ನೊಂದು ಜನ. ಅದರಲ್ಲಿ ಆರು ಜನ ಹೇಗೋ ಹೊಂದಿಸಿಕೊಳ್ಳುತ್ತಾರೆ, ಇಬ್ಬರಿಗೆ ಮಾಮೂಲಿ ಸೋಮಾರಿತನ, ಉಳಿದ ಮೂವರಿಗೆ ನಿಜವಾಗಲೂ ಇಲ್ಲ ಅಂತ ಅವರ ಲೆಕ್ಕ. ಅವರ ಲೆಕ್ಕ ತಪ್ಪುವುದಿಲ್ಲ. ಮೂವರಿಗೆ 3,900 ಬೇಕು. ಡಬ್ಬಿಯಲ್ಲಿ 2,340.

"ಸಂಬಳ ಆಗಕ್ಕೆ ಇನ್ನೂ ನಾಕ್ ದಿನ ಐತಲ್ಲ ಮೇಡಂ?" ಅಂದರು.

ನಾನು ಬ್ಯಾಗ್ ತೆಗೆದೆ. ಅಷ್ಟರಲ್ಲಿ ಹಿಂದಿನ ಮೇಜಿನಿಂದ ಯಾರೋ ನಾಲ್ಕು ಮಡಿಕೆಯ ಒಂದು ನೋಟು ತಂದು ಡಬ್ಬಿಯೊಳಗೆ ಹಾಕಿ, ಏನೂ ಆಗದವರ ಹಾಗೆ ಬಸ್ಸಿಗೆ ಹೊರಟರು.